ಕಡತದ ಮೇಲೆ ಕಡತ ಬರೆದರೆ: ಲಿನಕ್ಸ್ ಬಳಸುವ ವ್ಯಾಪಾರಿಗೆ ಬೇಕಾದ ಲೆಕ್ಕದ ಶಿಸ್ತು

ಕೈಬರಹದ ರೋಜುಕಿರ್ದಿಯ ಕಾಲದಲ್ಲಿ ಹೊಸ ಗುಮಾಸ್ತನಿಗೆ ಕಲಿಸುತ್ತಿದ್ದ ಮೊದಲ ಪಾಠವೆಂದರೆ, ಬರೆದ ಅಂಕಿಯನ್ನು ಅಳಿಸಬಾರದು, ಅದರ ಮೇಲೆ ಬೇರೆ ಅಂಕಿ ತಿದ್ದಬಾರದು ಎಂಬುದು. ತಪ್ಪಾಗಿದ್ದರೆ ಹಳೆಯ ಅಂಕಿ ಓದಲು ಬರುವಂತೆ ಅದಕ್ಕೊಂದು ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಅಂಕಿ ಬರೆದು ಸಹಿ ಹಾಕಬೇಕಾಗಿತ್ತು. ಈ ಪಾಠಕ್ಕೆ ಇಂದು ಕಾನೂನಿನ ಬಲವೂ ಇದೆ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ನಿಯಮಗಳ 56(8)ನೇ ನಿಯಮದ ಪ್ರಕಾರ ನೋಂದಾಯಿತ ವ್ಯಾಪಾರಿಯ ಪುಸ್ತಕಗಳಲ್ಲಿ ಯಾವ ನಮೂದನ್ನೂ ಅಳಿಸುವಂತಿಲ್ಲ, ಅದರ ಮೇಲೆ ಬರೆಯುವಂತಿಲ್ಲ. ಲೆಕ್ಕವನ್ನು ಗಣಕಯಂತ್ರದಲ್ಲಿ ಇಟ್ಟಿದ್ದರೆ ತಿದ್ದಿದ ಅಥವಾ ಅಳಿಸಿದ ಪ್ರತಿಯೊಂದು ನಮೂದಿನ ದಾಖಲೆಯೂ ಇರತಕ್ಕದ್ದು.

ಆದರೆ ಅದೇ ಪುಸ್ತಕ ಗಣಕಯಂತ್ರದೊಳಗಿನ ಕಡತವಾದ ಕೂಡಲೇ ಈ ಎಚ್ಚರ ಮರೆಯಾಗುತ್ತದೆ. ಒಂದು ಕಡತದ ಮೇಲೆ ಇನ್ನೊಂದು ಬರೆಯಲ್ಪಟ್ಟು ಹಳೆಯದು ಇಲ್ಲವಾಗುವ ಕ್ರಿಯೆಗೆ ಓವರ್‌ರೈಟ್ ಎಂದು ಹೆಸರು. ಲಿನಕ್ಸ್ ಮೊದಲಾದ ಯುನಿಕ್ಸ್ ಮಾದರಿಯ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಇದು ಕೆಲವೊಮ್ಮೆ ಸದ್ದಿಲ್ಲದೆ ನಡೆದುಹೋಗುತ್ತದೆ. ಕೆಲವೊಮ್ಮೆ ಅರ್ಥವಾಗದ ದೋಷಸಂದೇಶ ಮೂಡಿ ಕೆಲಸವೇ ನಿಂತುಬಿಡುತ್ತದೆ. ಎರಡನ್ನೂ ತಂತ್ರಜ್ಞರಿಗೆ ಬಿಟ್ಟ ವಿಷಯವೆಂದು ಭಾವಿಸುವ ರೂಢಿ ವ್ಯಾಪಾರಸ್ಥರಲ್ಲಿದೆ. ವಾಸ್ತವವಾಗಿ ಇದು ಲೆಕ್ಕಪತ್ರದ ಶಿಸ್ತಿಗೆ ಸೇರಿದ ವಿಷಯವಾಗಿದ್ದು, ಮಾಲೀಕರೇ ಗಮನ ಹರಿಸಬೇಕಾಗಿದೆ.

ತಮ್ಮಲ್ಲಿ ಲಿನಕ್ಸ್ ಇಲ್ಲವೆಂಬ ಭ್ರಮೆ

ಯುನಿಕ್ಸ್ ವ್ಯವಸ್ಥೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಕೆನ್ ಥಾಮ್ಸನ್ ಮತ್ತು ಡೆನ್ನಿಸ್ ರಿಚಿ ಅವರ ಕೈಯಲ್ಲಿ ರೂಪುಗೊಂಡಿತು. ಅದೇ ಮಾದರಿಯಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ತಿರುಳನ್ನು ಬರೆದು ಎಲ್ಲರಿಗೂ ಮುಕ್ತವಾಗಿ ನೀಡಿದರು. ಪರವಾನಗಿ ಶುಲ್ಕವಿಲ್ಲದ ಕಾರಣ ಸಣ್ಣ ಉದ್ದಿಮೆಗಳಿಗೆ ಇದು ಅನುಕೂಲವಾಗಿದೆ. ಹಳೆಯ ಗಣಕಯಂತ್ರವನ್ನು ಗುಜರಿಗೆ ಹಾಕುವ ಬದಲು ಲಿನಕ್ಸ್ ಹಾಕಿ ಇನ್ನಷ್ಟು ವರ್ಷ ದುಡಿಸಿಕೊಳ್ಳಬಹುದು.

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಪಟ್ಟಣಗಳ ಅನೇಕ ವ್ಯಾಪಾರಸ್ಥರು ತಮಗೂ ಲಿನಕ್ಸ್‌ಗೂ ಸಂಬಂಧವಿಲ್ಲವೆಂದು ತಿಳಿಯಬಹುದು. ಕಚೇರಿಯ ಮೂಲೆಯಲ್ಲಿಟ್ಟು ಎಲ್ಲರ ಕಡತಗಳನ್ನೂ ಒಂದೆಡೆ ಕೂಡಿಡುವ ಸಂಗ್ರಹ ಪೆಟ್ಟಿಗೆಗಳಲ್ಲಿ ಬಹುಪಾಲು ಒಳಗೆ ಲಿನಕ್ಸ್‌ನಿಂದಲೇ ನಡೆಯುತ್ತವೆ. ಚನ್ನಪಟ್ಟಣದ ಆಟಿಕೆಗಳನ್ನು ಹೊರನಾಡಿನ ಗ್ರಾಹಕರಿಗೆ ತೋರಿಸುವ ಅಂತರಜಾಲ ಮಳಿಗೆ ಇರುವುದು ಬಹುಮಟ್ಟಿಗೆ ಲಿನಕ್ಸ್ ಸರ್ವರ್‌ನಲ್ಲಿ. ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸ್. ಮೇಜಿನ ಮೇಲಿನ ಯಂತ್ರ ಯಾವುದೇ ಆಗಿರಲಿ, ಲೆಕ್ಕ ಹೋಗಿ ಕೂರುವ ಜಾಗ ಯುನಿಕ್ಸ್ ಮಾದರಿಯದಾಗಿರುವ ಸಂಭವ ಹೆಚ್ಚು.

ಸದ್ದಿಲ್ಲದ ನಾಶ

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ಚನ್ನಪಟ್ಟಣದ ಒಂದು ಆಟಿಕೆ ತಯಾರಿಕಾ ಘಟಕದಲ್ಲಿ ವರ್ಷದ ಬೇಡಿಕೆ, ರವಾನೆ ಮತ್ತು ಬಾಕಿಗಳ ಪಟ್ಟಿ ಲಿನಕ್ಸ್ ಯಂತ್ರದ ಒಂದೇ ಕಡತದಲ್ಲಿದೆ. ಮಾರ್ಚ್ ಕೊನೆಯ ವಾರ ಲೆಕ್ಕಿಗರು ಅದನ್ನು ಗ್ರಾಹಕರ ಹೆಸರಿನ ಅಕಾರಾದಿ ಕ್ರಮದಲ್ಲಿ ಜೋಡಿಸಲು ಸಾರ್ಟ್ ಎಂಬ ಆದೇಶ ಕೊಡುತ್ತಾರೆ. ಫಲಿತಾಂಶ ಅದೇ ಕಡತಕ್ಕೆ ಹೋಗಲೆಂದು ಕೊನೆಯಲ್ಲಿ ‘>’ ಚಿಹ್ನೆ ಹಾಕಿ ಅದೇ ಹೆಸರು ಬರೆಯುತ್ತಾರೆ. ಕ್ಷಣಮಾತ್ರದಲ್ಲಿ ಕೆಲಸ ಮುಗಿಯುತ್ತದೆ; ಯಾವ ದೂರೂ ಇಲ್ಲ. ಕಡತ ತೆರೆದು ನೋಡಿದರೆ ಒಳಗೆ ಒಂದು ಅಕ್ಷರವೂ ಇಲ್ಲ.

ಇಲ್ಲಿ ಯಂತ್ರ ಕೆಟ್ಟಿಲ್ಲ, ವೈರಸ್ ಬಂದಿಲ್ಲ. ‘>’ ಚಿಹ್ನೆ ಕಂಡ ಕೂಡಲೇ ಆದೇಶಗಳನ್ನು ಓದುವ ಶೆಲ್ ಎಂಬ ಭಾಗ ಆ ಹೆಸರಿನ ಕಡತವನ್ನು ಬರೆಯಲು ತೆರೆದು ಮೊದಲು ಬರಿದು ಮಾಡುತ್ತದೆ. ಸಾರ್ಟ್ ಕಾರ್ಯಕ್ರಮ ಓದಲು ಆರಂಭಿಸುವುದು ಅದರ ನಂತರ. ಆ ಹೊತ್ತಿಗೆ ಓದಲು ಏನೂ ಉಳಿದಿರುವುದಿಲ್ಲ. ಹಳೆಯ ಪುಸ್ತಕದ ಹಾಳೆಗಳನ್ನು ಕಿತ್ತೆಸೆದ ಮೇಲೆ ಅದನ್ನೇ ನೋಡಿ ಪ್ರತಿ ಮಾಡು ಎಂದಂತೆ ಆಯಿತು. ಫಲಿತಾಂಶವನ್ನು ಬೇರೆ ಹೆಸರಿನ ಕಡತಕ್ಕೆ ಬರೆಯಿಸಿ, ತಾಳೆ ನೋಡಿ, ಆಮೇಲೆ ಹೆಸರು ಬದಲಿಸಿದ್ದರೆ ಈ ನಷ್ಟವಿಲ್ಲ.

ಇದೇ ಬಗೆಯ ಸದ್ದಿಲ್ಲದ ನಾಶಕ್ಕೆ ಇನ್ನೂ ಕೆಲವು ದಾರಿಗಳಿವೆ. ನಕಲು ಮಾಡುವ ಸಿಪಿ ಮತ್ತು ಸ್ಥಳಾಂತರಿಸುವ ಎಂವಿ ಆದೇಶಗಳು ಅದೇ ಹೆಸರಿನ ಕಡತ ಅಲ್ಲಿ ಮೊದಲೇ ಇದ್ದರೂ ಸಾಮಾನ್ಯವಾಗಿ ಕೇಳದೆ ಅದರ ಜಾಗವನ್ನು ಆಕ್ರಮಿಸುತ್ತವೆ. ಎರಡನೆಯದಾಗಿ, ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದ ಹೆಸರು ಮತ್ತು ಸಣ್ಣಕ್ಷರದಲ್ಲಿ ಬರೆದ ಅದೇ ಹೆಸರು ಲಿನಕ್ಸ್‌ನಲ್ಲಿ ಎರಡು ಬೇರೆ ಬೇರೆ ಕಡತಗಳು. ಅವನ್ನು ಸಾಮಾನ್ಯ ಪೆನ್‌ಡ್ರೈವ್‌ಗೆ ನಕಲು ಮಾಡಿದಾಗ ಅಲ್ಲಿ ಆ ಭೇದವಿಲ್ಲದ ಕಾರಣ ಎರಡನೆಯದು ಮೊದಲನೆಯದನ್ನು ನುಂಗಿಹಾಕುವ ಅಪಾಯವಿದೆ. ಮೂರನೆಯದಾಗಿ, ಇಬ್ಬರು ನೌಕರರು ಒಂದೇ ಕಡತವನ್ನು ಏಕಕಾಲಕ್ಕೆ ತೆರೆದು ತಿದ್ದಿದರೆ ಕೊನೆಗೆ ಉಳಿಸಿದವರದ್ದು ಮಾತ್ರ ಉಳಿಯುತ್ತದೆ. ಯುನಿಕ್ಸ್‌ನಲ್ಲಿ ಕಡತಕ್ಕೆ ಹಾಕುವ ಬೀಗ ಸಾಮಾನ್ಯವಾಗಿ ಸೂಚನೆಯ ರೂಪದ್ದು. ಅದನ್ನು ಗೌರವಿಸುವ ತಂತ್ರಾಂಶ ನಿಲ್ಲುತ್ತದೆ, ಗೌರವಿಸದ ತಂತ್ರಾಂಶ ಒಳನುಗ್ಗುತ್ತದೆ.

ಹೆಸರು ಬೇರೆ, ವಸ್ತು ಬೇರೆ

ಯುನಿಕ್ಸ್‌ನ ವಿಚಿತ್ರವೆನಿಸುವ ನಡವಳಿಕೆಗಳಲ್ಲಿ ಅನೇಕವು ಒಂದೇ ತತ್ತ್ವದಿಂದ ಹುಟ್ಟುತ್ತವೆ. ಅಲ್ಲಿ ಕಡತದ ಹೆಸರು ಬೇರೆ, ಕಡತ ಬೇರೆ. ಕಡತಕ್ಕೆ ಐನೋಡ್ ಎಂಬ ಒಂದು ಸಂಖ್ಯೆ ಇರುತ್ತದೆ. ಹೆಸರೆಂಬುದು ಆ ಸಂಖ್ಯೆಯನ್ನು ತೋರಿಸುವ ಚೀಟಿ ಮಾತ್ರ.

ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎನಿಸಿದ್ದ ಊರೇ ಇಂದಿನ ರಾಮನಗರ. 2007ರಲ್ಲಿ ಅದು ಜಿಲ್ಲಾ ಕೇಂದ್ರವಾಯಿತು. 2025ರಲ್ಲಿ ರಾಜ್ಯ ಸರ್ಕಾರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಚೀಟಿ ಬದಲಾದರೂ ಬೆಟ್ಟಗಳಾಗಲಿ ರೇಷ್ಮೆ ಗೂಡಿನ ಮಾರುಕಟ್ಟೆಯಾಗಲಿ ಕದಲಲಿಲ್ಲ. ಒಂದೇ ಡಿಸ್ಕಿನೊಳಗೆ ಎಂವಿ ಆದೇಶ ಮಾಡುವುದು ಇಂಥ ಹೆಸರು ಬದಲಾವಣೆಯನ್ನೇ. ಸಿಪಿ ಆದೇಶ ಹಾಗಲ್ಲ. ಇರುವ ಕಡತದ ಮೇಲೆ ನಕಲು ಮಾಡಿದಾಗ ಅದು ಚೀಟಿಯನ್ನು ಮುಟ್ಟದೆ ಒಳಗಿನ ಬರಹವನ್ನು ತೆಗೆದು ಹೊಸದನ್ನು ತುಂಬುತ್ತದೆ.

ಈ ವ್ಯತ್ಯಾಸ ತಿಳಿಯದಿದ್ದರೆ ಮೋಸಹೋಗುವುದು ಸುಲಭ. ಒಂದೇ ಕಡತಕ್ಕೆ ಎರಡು ಹೆಸರು ಕೊಡುವ ಹಾರ್ಡ್ ಲಿಂಕ್ ಎಂಬ ಸೌಲಭ್ಯವಿದೆ. ಎರಡು ಹೆಸರು ಕಂಡು ಎರಡು ಪ್ರತಿ ಇದೆಯೆಂದು ನಂಬಿದವರು ಒಂದರ ಒಳಗೆ ಬರೆದಾಗ ಇನ್ನೊಂದೂ ಬದಲಾಗಿರುವುದನ್ನು ಕಂಡು ಬೆರಗಾಗುತ್ತಾರೆ. ಹಾಗೆಯೇ ಸಾಂಕೇತಿಕ ಲಿಂಕ್ ಎಂಬ ಕೈಮರದ ಮೇಲೆ ನಕಲು ಮಾಡಿದರೆ, ಬರಹ ಆ ಕೈಮರ ತೋರಿಸುವ ದೂರದ ಕಡತದ ಮೇಲೆ ಬೀಳುತ್ತದೆ.

ಯಂತ್ರ ನಿರಾಕರಿಸಿದಾಗ

ಇನ್ನು ಸಂದೇಶ ತೋರಿಸಿ ನಿಲ್ಲುವ ದೋಷಗಳು. ಇವು ಕಿರಿಕಿರಿಯೆನಿಸಿದರೂ ಸದ್ದಿಲ್ಲದ ನಾಶಕ್ಕಿಂತ ಮೇಲು. ಯಂತ್ರ ಇಲ್ಲಿ ಕಾವಲುಗಾರನ ಕೆಲಸ ಮಾಡುತ್ತಿರುತ್ತದೆ.

‘ಪರ್ಮಿಷನ್ ಡಿನೈಡ್’ ಎಂದರೆ ಅನುಮತಿ ಇಲ್ಲ ಎಂದರ್ಥ. ಕಡತದೊಳಗೆ ಬರೆಯಲು ಕಡತದ ಅನುಮತಿ ಬೇಕು. ಅದೇ ಹೆಸರಿನಲ್ಲಿ ಬೇರೆ ಕಡತ ತಂದಿಡಲು ಅದು ಇರುವ ಕಡತಕೋಶದ ಅನುಮತಿ ಬೇಕು. ಆದ್ದರಿಂದ ಸಿಪಿ ಸೋತಲ್ಲಿ ಎಂವಿ ಗೆಲ್ಲುವುದುಂಟು. ಈ ಸಂದೇಶ ಕಂಡ ಕೂಡಲೇ ಎಲ್ಲರಿಗೂ ಎಲ್ಲ ಅಧಿಕಾರ ಕೊಟ್ಟುಬಿಡುವ ಕೆಟ್ಟ ಅಭ್ಯಾಸ ಕೆಲವು ದುರಸ್ತಿದಾರರಲ್ಲಿದೆ. ತಿಜೋರಿಯ ಬೀಗ ಬಿಗಿಯಾಗಿದೆಯೆಂದು ಬಾಗಿಲನ್ನೇ ಕಿತ್ತಿಡುವಂಥ ಪರಿಹಾರವದು.

‘ಆಪರೇಷನ್ ನಾಟ್ ಪರ್ಮಿಟೆಡ್’ ಎಂದು ಸರ್ವಾಧಿಕಾರವುಳ್ಳ ರೂಟ್ ಬಳಕೆದಾರನಿಗೂ ಉತ್ತರ ಬಂದರೆ, ಯಾರೋ ಆ ಕಡತಕ್ಕೆ ಬದಲಾಯಿಸಲಾಗದ ಗುಣ ಹಚ್ಚಿರಬಹುದು. ಲಿನಕ್ಸ್‌ನಲ್ಲಿ ಎಲ್ಎಸ್‌ಅಟ್ರ್ ಆದೇಶ ಇದನ್ನು ತೋರಿಸುತ್ತದೆ. ಅದನ್ನು ತೆಗೆಯುವ ಮುನ್ನ ಹಚ್ಚಿದವರು ಯಾರು, ಏಕೆ ಎಂದು ವಿಚಾರಿಸಬೇಕು.

‘ರೀಡ್-ಓನ್ಲಿ ಫೈಲ್ ಸಿಸ್ಟಮ್’ ಎಂಬ ಸಂದೇಶ ನಿನ್ನೆಯವರೆಗೂ ಸರಿಯಿದ್ದ ಯಂತ್ರದಲ್ಲಿ ಕಂಡರೆ ಅದನ್ನು ಗಂಭೀರವಾಗಿ ಪರಿಗಣಿಸಬೇಕು. ಡಿಸ್ಕಿನಲ್ಲಿ ದೋಷ ಕಂಡುಬಂದಾಗ, ಇನ್ನಷ್ಟು ಹಾನಿಯಾಗದಿರಲೆಂದು ವ್ಯವಸ್ಥೆ ತಾನಾಗಿ ಬರೆಯುವುದನ್ನು ನಿಲ್ಲಿಸಿ ಓದಲು ಮಾತ್ರ ಅವಕಾಶ ಕೊಡುವುದುಂಟು. ಬಲವಂತವಾಗಿ ಬರೆಯಿಸಲು ಹೊರಡದೆ, ಓದಲು ಸಾಧ್ಯವಿರುವಾಗಲೇ ಲೆಕ್ಕವನ್ನೆಲ್ಲ ಬೇರೆ ಡಿಸ್ಕಿಗೆ ಇಳಿಸಿಕೊಳ್ಳುವುದು ಜಾಣತನ.

‘ನೋ ಸ್ಪೇಸ್ ಲೆಫ್ಟ್’ ಎಂಬುದು ಜಾಗವಿಲ್ಲವೆಂಬ ಸೂಚನೆ. ಲಕ್ಷಾಂತರ ಸಣ್ಣ ಕಡತಗಳು ತುಂಬಿ ಐನೋಡ್ ಸಂಖ್ಯೆಗಳು ಮುಗಿದುಹೋಗಿದ್ದರೆ, ಗಿಗಾಬೈಟುಗಟ್ಟಲೆ ಜಾಗ ಖಾಲಿಯಿದ್ದರೂ ಇದೇ ಸಂದೇಶ ಬರುತ್ತದೆ. ಡಿಸ್ಕು ಭರ್ತಿಯಾಗಿರುವಾಗ ಹಳೆಯ ಕಡತದ ಮೇಲೆಯೇ ಉಳಿಸಲು ಹೊರಟರೆ ಹಳೆಯದು ಬರಿದಾಗಿ, ಹೊಸದು ಅರ್ಧಕ್ಕೆ ನಿಲ್ಲುವ ಅಪಾಯವಿದೆ. ‘ಟೆಕ್ಸ್ಟ್ ಫೈಲ್ ಬಿಝಿ’ ಎಂದರೆ ಓಡುತ್ತಿರುವ ಕಾರ್ಯಕ್ರಮದ ಕಡತದ ಮೇಲೆಯೇ ಬರೆಯಲು ಹೊರಟಿದ್ದೀರಿ ಎಂದರ್ಥ. ಕಾರ್ಯಕ್ರಮ ನಿಲ್ಲಿಸಿ ಬದಲಿಸುವುದು ಸರಿಯಾದ ದಾರಿ.

ಒಂದೇ ಜಮೀನಿಗೆ ಇಬ್ಬರು ಹಕ್ಕುದಾರರು

ಹೊಸ ತಂತ್ರಾಂಶ ಅಳವಡಿಸುವಾಗ ಡೆಬಿಯನ್, ಉಬುಂಟು ಮೊದಲಾದ ಲಿನಕ್ಸ್ ಬಗೆಗಳಲ್ಲಿ ಇನ್ನೊಂದು ದೋಷ ಕಾಣಿಸುತ್ತದೆ: ಇಂಥ ಕಡತದ ಮೇಲೆ ಬರೆಯಲು ಹೊರಟಿರುವುದಾಗಿಯೂ, ಆ ಕಡತ ಮತ್ತೊಂದು ಪ್ಯಾಕೇಜಿಗೆ ಸೇರಿರುವುದಾಗಿಯೂ ತಿಳಿಸಿ ಅಳವಡಿಕೆ ನಿಲ್ಲುತ್ತದೆ. ಅಲ್ಲಿ ಪ್ರತಿಯೊಂದು ತಂತ್ರಾಂಶವೂ ಪ್ಯಾಕೇಜ್ ರೂಪದಲ್ಲಿ ಬರುತ್ತದೆ; ಯಾವ ಕಡತ ಯಾವ ಪ್ಯಾಕೇಜಿಗೆ ಸೇರಿದ್ದು ಎಂಬ ದಾಖಲೆಯನ್ನು ಡಿಪಿಕೆಜಿ ಎಂಬ ಕಾರ್ಯಕ್ರಮ ಇಟ್ಟಿರುತ್ತದೆ. ಎರಡು ಪ್ಯಾಕೇಜುಗಳು ಒಂದೇ ಕಡತದ ಮೇಲೆ ಹಕ್ಕು ಸಾಧಿಸಿದಾಗ ಅದು ಎರಡನೆಯದನ್ನು ತಡೆಯುತ್ತದೆ.

ಪಹಣಿಯ ವ್ಯವಹಾರ ಬಲ್ಲವರಿಗೆ ಇದು ಹೊಸದಲ್ಲ. ಒಂದೇ ಸರ್ವೆ ನಂಬರಿಗೆ ಇಬ್ಬರು ಬಂದರೆ ಯಾರೂ ಕಣ್ಣುಮುಚ್ಚಿ ಎರಡನೆಯವರ ಹೆಸರು ಬರೆಯುವುದಿಲ್ಲ. 2000ದ ದಶಕದ ಆರಂಭದಲ್ಲಿ ರಾಜ್ಯದಲ್ಲಿ ಭೂದಾಖಲೆಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆಯಲ್ಲಿ ಹಕ್ಕು ಬದಲಾವಣೆಗೆ ಮ್ಯುಟೇಶನ್ ಎಂಬ ಕ್ರಮವನ್ನು ಉಳಿಸಿಕೊಳ್ಳಲಾಯಿತು. ಬದಲಾವಣೆ ಮಾಡುವ ಅಧಿಕಾರಿ ಬೆರಳಚ್ಚಿನಿಂದ ತನ್ನ ಗುರುತು ದೃಢಪಡಿಸಬೇಕಾಗಿತ್ತು. ಲಿನಕ್ಸ್‌ನಲ್ಲಿಯೂ ವಿಚಾರಣೆಯ ಕ್ರಮ ಹೀಗೆಯೇ. ಮೊದಲು ಕಡತದ ಈಗಿನ ಒಡೆಯ ಯಾರೆಂದು ಡಿಪಿಕೆಜಿಯನ್ನು ಕೇಳಬೇಕು. ಎರಡೂ ಪ್ಯಾಕೇಜುಗಳು ಎಲ್ಲಿಂದ ಬಂದವು, ಒಂದು ಹೊರಗಿನ ಭಂಡಾರದಿಂದ ಬಂದದ್ದೇ, ಇನ್ನೊಂದರ ಹಳೆಯ ಆವೃತ್ತಿಯೇ ಎಂದು ನೋಡಬೇಕು. ಬೇಡದ್ದನ್ನು ಕ್ರಮವಾಗಿ ತೆಗೆದು ಬೇಕಾದ್ದನ್ನು ಹಾಕಬೇಕು. ಬಲವಂತದಿಂದ ಮೇಲೆ ಬರೆಯಿಸುವ ಆಯ್ಕೆಯೂ ಇದೆ. ಅದನ್ನು ಬಳಸಿದರೆ ಇಂದಿನ ಕೆಲಸ ಸಾಗುತ್ತದೆ. ಮುಂದೆ ಯಾವುದೋ ಪರಿಷ್ಕರಣೆಯ ದಿನ ಬೇರೊಂದು ತಂತ್ರಾಂಶ ಕಾರಣ ತಿಳಿಯದಂತೆ ಮುರಿದುಬೀಳಬಹುದು.

ಅನಾಹುತವಾದಾಗ ಮೊದಲ ಕೆಲಸ

ಕಡತ ಬರಿದಾಗಿರುವುದು ತಿಳಿದ ಕೂಡಲೇ ಮಾಡಬೇಕಾದದ್ದು ಆ ಡಿಸ್ಕಿಗೆ ಬರೆಯುವುದನ್ನು ನಿಲ್ಲಿಸುವುದು. ಹಳೆಯ ಬರಹವಿದ್ದ ಜಾಗ ಖಾಲಿಯೆಂದು ಗುರುತಾಗಿರುತ್ತದೆ. ಅದರ ಮೇಲೆ ಹೊಸ ಬರಹ ಬೀಳುವವರೆಗೆ ಕೆಲವು ಸಂದರ್ಭಗಳಲ್ಲಿ ಪರಿಣತರು ಏನನ್ನಾದರೂ ಹೆಕ್ಕಿ ತೆಗೆಯಬಲ್ಲರು. ಗಾಬರಿಯಲ್ಲಿ ಅದೇ ಆದೇಶವನ್ನು ಮತ್ತೆ ಮತ್ತೆ ಕೊಟ್ಟರೆ ಆ ಅವಕಾಶವೂ ಹೋಗುತ್ತದೆ. ಕಡತ ಬೇರೊಂದು ಯಂತ್ರದಲ್ಲಿ ಇನ್ನೂ ತೆರೆದಿದ್ದರೆ ಅದನ್ನು ಮುಚ್ಚದೆ ಬೇರೆ ಹೆಸರಿನಲ್ಲಿ ಉಳಿಸಬೇಕು. ಯಾವ ಆದೇಶ ಕೊಡಲಾಯಿತು, ಯಾವ ಸಂದೇಶ ಬಂತು, ಗಂಟೆ ಎಷ್ಟು ಎಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ‘ಏನೋ ಒತ್ತಿದೆ, ಹೋಯಿತು’ ಎಂಬ ವಿವರಣೆಯಿಂದ ಯಾವ ತಂತ್ರಜ್ಞನೂ ಮುಂದೆ ಹೋಗಲಾರ.

ಆಗಬೇಕಾದದ್ದು

ಕೇಳದೆ ಅಳಿಸುವ ವ್ಯವಸ್ಥೆಯೇ ದೋಷಪೂರ್ಣವಲ್ಲವೇ ಎಂಬ ಪ್ರಶ್ನೆ ಸಹಜ. ಯುನಿಕ್ಸ್ ಆದೇಶಗಳು ಒಂದರ ಹಿಂದೊಂದು, ಮನುಷ್ಯನಿಲ್ಲದೆಯೂ ರಾತ್ರಿಯಿಡೀ ನಡೆಯಲೆಂದು ರೂಪುಗೊಂಡವು. ಹೆಜ್ಜೆಹೆಜ್ಜೆಗೂ ಪ್ರಶ್ನೆ ಕೇಳಿದರೆ ಆ ಕೆಲಸ ನಿಲ್ಲುತ್ತದೆ. ಆದರೂ ಸಾಮಾನ್ಯ ಕಚೇರಿಗೆ ಕೊಡುವ ಯಂತ್ರದಲ್ಲಿ ರಕ್ಷಣೆಗಳನ್ನು ಮೊದಲೇ ಹಾಕಿಕೊಡುವುದು ಮಾರಾಟಗಾರರ ಹೊಣೆ. ನೋಕ್ಲಾಬರ್ ಎಂಬ ಶೆಲ್ ಆಯ್ಕೆ ಹಾಕಿದರೆ ‘>’ ಚಿಹ್ನೆ ಇರುವ ಕಡತವನ್ನು ಬರಿದು ಮಾಡಲು ನಿರಾಕರಿಸುತ್ತದೆ. ಸಿಪಿ ಆದೇಶಕ್ಕೆ ಹಳೆಯ ಕಡತವನ್ನು ಕ್ರಮಸಂಖ್ಯೆ ಹಾಕಿ ಉಳಿಸಿಕೊಳ್ಳುವಂತೆ ಹೇಳಬಹುದು. ಪ್ರತಿ ಬಾರಿ ‘ಬರೆಯಲೇ’ ಎಂದು ಕೇಳಿಸುವ ಆಯ್ಕೆಯೂ ಇದೆ. ಅದನ್ನೊಂದೇ ನಂಬುವುದು ತರವಲ್ಲ. ದಿನಕ್ಕೆ ಐವತ್ತು ಬಾರಿ ‘ಹೌದು’ ಒತ್ತಿ ಅಭ್ಯಾಸವಾದ ಬೆರಳು ಐವತ್ತೊಂದನೆಯ ಬಾರಿಯೂ ಓದದೆ ಒತ್ತುತ್ತದೆ.

ಯಂತ್ರದ ಈ ರಕ್ಷಣೆಗಳ ಜೊತೆಗೆ ಮಾಲೀಕರ ನಿಯಮವೂ ಬೇಕು. ಮುಗಿದ ತಿಂಗಳ ಲೆಕ್ಕ ದಿನಾಂಕ ಹೊತ್ತ ಹೆಸರಿನ ಪ್ರತ್ಯೇಕ ಕಡತವಾಗಲಿ. ಅದಕ್ಕೆ ಬರೆಯುವ ಅನುಮತಿ ಯಾರಿಗೂ ಬೇಡ. ಬ್ಯಾಕಪ್ ಪ್ರತಿ ಬೇರೆ ಡಿಸ್ಕಿನಲ್ಲಿರಲಿ, ಒಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ. ಪ್ರತಿದಿನ ಮೂಲವನ್ನು ಕನ್ನಡಿಯಂತೆ ಪ್ರತಿಬಿಂಬಿಸುವ ಬ್ಯಾಕಪ್ ಒಂದೇ ಸಾಲದು. ಇಂದು ಬರಿದಾದ ಕಡತ ಇಂದು ರಾತ್ರಿ ಬ್ಯಾಕಪ್ಪಿನಲ್ಲೂ ಬರಿದಾಗುತ್ತದೆ. ಕಳೆದ ವಾರದ, ಕಳೆದ ತಿಂಗಳ ಪ್ರತಿಗಳು ಬೇರೆ ಬೇರೆಯಾಗಿ ಇರಬೇಕು.

ಕಾನೂನು ಈ ವಿಷಯದಲ್ಲಿ ರಿಯಾಯಿತಿ ಕೊಟ್ಟಿಲ್ಲ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ನಿಗದಿಯಾದ ದಿನದಿಂದ 72 ತಿಂಗಳ ಕಾಲ ಲೆಕ್ಕಪುಸ್ತಕಗಳನ್ನು ಕಾಯ್ದಿಡಬೇಕು. ಅಪಘಾತದಿಂದ ದಾಖಲೆ ನಾಶವಾದರೂ ಸಮಂಜಸ ಅವಧಿಯಲ್ಲಿ ಮರಳಿ ಪಡೆಯಲು ಬರುವಂತೆ ಬ್ಯಾಕಪ್ ಇರಬೇಕೆಂದು 57ನೇ ನಿಯಮ ವಿಧಿಸುತ್ತದೆ. ಕಂಪನಿಗಳಾಗಿ ನೋಂದಾಯಿತವಾದವು 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ಜಾಡು ಉಳಿಸುವ, ಆ ಜಾಡನ್ನು ಆರಿಸಲು ಬಾರದ ಲೆಕ್ಕ ತಂತ್ರಾಂಶವನ್ನೇ ಬಳಸಬೇಕಾಗಿದೆ. ಏಕಮಾಲೀಕತ್ವದ ಅಂಗಡಿಗೆ ಈ ಕೊನೆಯ ನಿಯಮ ಅನ್ವಯಿಸದಿದ್ದರೂ ಅದರ ಹಿಂದಿನ ವಿವೇಕ ಅನ್ವಯಿಸುತ್ತದೆ. ತಂತ್ರಾಂಶ ತನ್ನೊಳಗೆ ಎಷ್ಟೇ ನಿಷ್ಠೆಯಿಂದ ಜಾಡು ಇಟ್ಟರೂ, ಆ ಜಾಡಿರುವ ಕಡತವನ್ನೇ ಹೊರಗಿನಿಂದ ಇನ್ನೊಂದು ಕಡತ ನುಂಗಿದರೆ ಎರಡೂ ಒಟ್ಟಿಗೆ ಹೋಗುತ್ತವೆ ಎಂಬುದನ್ನು ಮರೆಯಬಾರದು.

ತೆರಿಗೆ ದಂಡಕ್ಕಿಂತ ದೊಡ್ಡ ನಷ್ಟ ವಿಶ್ವಾಸದ್ದು. ಕನಕಪುರದ ರೀಲರು ಯಾವ ಲಾಟಿನ ಗೂಡಿಗೆ ಎಷ್ಟು ನೂಲು ಬಂತೆಂಬ ಲೆಕ್ಕ ಕಳೆದುಕೊಂಡರೆ ಮುಂದಿನ ಹರಾಜಿನಲ್ಲಿ ಅಂದಾಜಿಗೆ ಕೂಗಬೇಕಾಗುತ್ತದೆ. ಚನ್ನಪಟ್ಟಣದ ಘಟಕ ತುಂಡುಗೂಲಿಯ ಪಟ್ಟಿ ಕಳೆದುಕೊಂಡರೆ, ಮನೆಯಲ್ಲಿ ಕುಳಿತು ಆಟಿಕೆಗಳಿಗೆ ಅರಗು ಹಚ್ಚಿದ ಕುಶಲಕರ್ಮಿಗೆ ಬರಬೇಕಾದ ಹಣ ಎಷ್ಟೆಂದು ಹೇಳಲು ದಾಖಲೆಯೇ ಇರುವುದಿಲ್ಲ. ಮಾಗಡಿಯ ಕಿರಾಣಿ ವರ್ತಕನ ಉದ್ದರಿ ಪಟ್ಟಿಯ ಸ್ಥಿತಿಯೂ ಇದೇ.

ಆದ್ದರಿಂದ ಈ ಪಟ್ಟಣಗಳ ವಾಣಿಜ್ಯ ಸಂಸ್ಥೆಗಳು ವರ್ಷಕ್ಕೊಮ್ಮೆ, ಆರ್ಥಿಕ ವರ್ಷ ಮುಗಿಯುವ ಮುನ್ನ, ಸದಸ್ಯರಿಗಾಗಿ ಮರುಸ್ಥಾಪನೆಯ ದಿನವೊಂದನ್ನು ಆಚರಿಸುವುದು ಒಳಿತು. ಆ ದಿನ ಪ್ರತಿಯೊಬ್ಬರೂ ತಮ್ಮ ಬ್ಯಾಕಪ್ಪಿನಿಂದ ಕಳೆದ ತಿಂಗಳ ಒಂದು ಕಡತವನ್ನು ಬೇರೊಂದು ಯಂತ್ರದಲ್ಲಿ ತೆರೆದು, ಮೂಲದೊಂದಿಗೆ ಮೊತ್ತ ತಾಳೆ ನೋಡಲಿ. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದಂತೆ. ಲೆಕ್ಕಪರಿಶೋಧಕರೂ ತಮ್ಮ ಪರಿಶೀಲನಾ ಪಟ್ಟಿಯಲ್ಲಿ ಈ ಒಂದು ಸಾಲನ್ನು ಸೇರಿಸಿಕೊಳ್ಳಬೇಕು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ಎಲ್ಲರ ಬಾಯಲ್ಲೂ ಇದೆ. ಬಾಗಿಲು ಈಗಲೇ ಹಾಕಲು ತಗಲುವ ವೆಚ್ಚ ಒಂದು ಹೆಚ್ಚುವರಿ ಡಿಸ್ಕು ಮತ್ತು ತಿಂಗಳಿಗೆ ಅರ್ಧ ಗಂಟೆಯ ಕಾಲ ಮಾತ್ರ.